ಅಡ್ಡಮಳೆಯ ಲೆಕ್ಕ

ಮಾಳಿಗೆಯ ಮೇಲೆ ಸಂಡಿಗೆ ಹಾಕಿ ಬಂದ ಹೆಂಗಸಿಗಿಂತ ದೊಡ್ಡ ಹವಾಮಾನ ತಜ್ಞರು ಬೇಕೆ, ಹೇಳಿ? ಬೆಳಿಗ್ಗೆ ಐದಕ್ಕೆದ್ದು ಹಿಟ್ಟು ಕುದಿಸಿ, ಹಳೇ ಸೀರೆ ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು, ಬೆನ್ನು ಹಿಡಿದುಕೊಂಡು ಕೆಳಗಿಳಿದು ಬಂದ ಮೇಲೆ ಅವಳ ಕಣ್ಣು ಒಲೆಯ ಮೇಲಿರುವುದಿಲ್ಲ, ಕಿಟಕಿಯಾಚೆ ಇರುತ್ತದೆ. ಮೂರು ಗಂಟೆಗೆ ಬಿಸಿಲು ಒಂದಿಷ್ಟು ಮಂಕಾದರೆ ಸಾಕು, ಕೈಯಲ್ಲಿದ್ದ ಸೌಟು ಹಾಗೇ ಬಿಟ್ಟು ಮೆಟ್ಟಿಲು ಹತ್ತುತ್ತಾಳೆ. ಕಾಗೆಗಳು ಎತ್ತ ಹಾರುತ್ತಿವೆ, ಗಾಳಿ ನಿಂತಿತೋ ತಿರುಗಿತೋ, ಇರುವೆ ಸಾಲು ಗೋಡೆ ಏರುತ್ತಿದೆಯೋ ಎಂಬುದೆಲ್ಲ ಅವಳಿಗೆ ಗೊತ್ತು. ರೇಡಿಯೋದಲ್ಲಿ "ಅಲ್ಲಲ್ಲಿ ಗುಡುಗು ಸಹಿತ ಮಳೆಯಾಗುವ ಸಂಭವವಿದೆ" ಎಂದರೆ ಅವಳು ಕೇಳುವುದು ಒಂದೇ ಪ್ರಶ್ನೆ: ಆ 'ಅಲ್ಲಲ್ಲಿ' ಒಳಗೆ ನಮ್ಮ ಮಾಳಿಗೆ ಬರುತ್ತದೋ ಇಲ್ಲವೋ?

ನನ್ನ ಕಷ್ಟ ಇದಕ್ಕಿಂತ ವಿಚಿತ್ರವಾದದ್ದು. ನನ್ನ ಸಂಡಿಗೆಯೂ ಮೇಲಿರುತ್ತದೆ, ಮಳೆ ಬರಲಿ ಎಂದು ಕಾಯುವವಳೂ ನಾನೇ. ಏಪ್ರಿಲ್ 10ಕ್ಕೆ ಮಕ್ಕಳಿಗೆ ಫಲಿತಾಂಶ ಹೇಳಿ ಶಾಲೆಗೆ ಬೀಗ ಬಿತ್ತೆಂದರೆ ನನಗೆ ಇನ್ನೊಂದು ಕೆಲಸ ಶುರು. ಮಾಳಿಗೆಯ ಮೂಲೆಯಲ್ಲಿ ಒಂದು ಮಳೆಮಾಪಕ, ಅಡುಗೆಮನೆಯ ಮೊಳೆಗೆ ನೇತುಹಾಕಿದ ಒಂದು ನೋಟ್‌ಬುಕ್ಕು, ಅದಕ್ಕೊಂದು ದಾರ ಕಟ್ಟಿದ ಪೆನ್ಸಿಲ್ಲು. ಪಕ್ಕದ ಮನೆಯವರು ಮೊದಮೊದಲು "ಟೀಚರ್ ಏನೋ ವ್ರತ ಹಿಡಿದಾರೆ" ಅಂದುಕೊಂಡಿದ್ದರು. ಈಗ ಅವರೇ ಬೆಳಿಗ್ಗೆ ಕಾಂಪೌಂಡಿನಾಚೆಯಿಂದ "ಎಷ್ಟಾಯ್ತ್ರೀ ರಾತ್ರಿದು?" ಎಂದು ಕೇಳುತ್ತಾರೆ.

ನಮ್ಮ ಸೀಮೆಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ಹೊರಗಿನವರು ತಮಾಷೆ ಮಾಡುತ್ತಾರೆ. ಮಾಡಲಿ. ನಲವತ್ತು ಡಿಗ್ರಿ ದಾಟಿದ ಮಧ್ಯಾಹ್ನ ಹೊಸಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಸಂಡೂರಿನ ಬಸ್ಸಿಗಾಗಿ ನಿಂತು ನೋಡಿದವರಿಗೆ ಅದು ತಮಾಷೆ ಅನ್ನಿಸುವುದಿಲ್ಲ. ಆದರೆ ನಮಗೆ ನೀರಿಗೆ ಬರವಿಲ್ಲವಲ್ಲ, ಪಕ್ಕದಲ್ಲೇ ಅಷ್ಟು ದೊಡ್ಡ ಜಲಾಶಯ ಇದೆಯಲ್ಲ, ಮಳೆಗೇಕೆ ಇಷ್ಟು ಹಂಬಲ ಎಂದು ಮೈಸೂರಿನಿಂದ ಬಂದ ನನ್ನ ಓರಗಿತ್ತಿ ಒಮ್ಮೆ ಕೇಳಿದ್ದಳು. ಅದಕ್ಕೆ ಉತ್ತರ ನನಗೆ ಆಗ ಹೊಳೆಯಲಿಲ್ಲ. ಆಮೇಲೆ ಯೋಚಿಸಿದೆ. 1945ರಲ್ಲಿ ಅಡಿಗಲ್ಲು ಹಾಕಿ 1953ರಲ್ಲಿ ನೀರು ನಿಲ್ಲಿಸಿದ ನಮ್ಮ ತುಂಗಭದ್ರಾ ಅಣೆಕಟ್ಟಿನಲ್ಲಿ ನಿಂತಿರುವುದು ಮಲೆನಾಡಿನವರ ಮಳೆ. ತುಂಗೆ, ಭದ್ರೆ ಎರಡೂ ಹುಟ್ಟುವುದು ಗಂಗಾಮೂಲದಲ್ಲಿ, ಕೂಡುವುದು ಕೂಡಲಿಯಲ್ಲಿ. ಜುಲೈನಲ್ಲಿ ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ ಡ್ಯಾಂ ತುಂಬುತ್ತದೆ, ಗೇಟು ತೆರೆಯುತ್ತಾರೆ, ನಾವು ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ, ಮೆಣಸಿನಕಾಯಿ ಬಜ್ಜಿ ತಿಂದು ಬರುತ್ತೇವೆ. ಅದು ಯಾರದೋ ಮನೆಯ ಮದುವೆಗೆ ಹೋಗಿ ಉಂಡುಬಂದ ಹಾಗೆ. ನಮ್ಮ ನೆತ್ತಿಯ ಮೇಲೇ ಹುಟ್ಟಿ, ನಮ್ಮ ಅಂಗಳದಲ್ಲೇ ಬಿದ್ದು, ನಮ್ಮ ಮಣ್ಣಿನ ವಾಸನೆಯನ್ನೇ ಎಬ್ಬಿಸುವುದು ಅಶ್ವಿನಿ, ಭರಣಿ, ಕೃತ್ತಿಕೆಯ ಈ ಅಡ್ಡಮಳೆ. ಪತ್ರಿಕೆಯವರು ಇದನ್ನು ಮುಂಗಾರು ಪೂರ್ವ ಮಳೆ ಎನ್ನುತ್ತಾರೆ. ಯಾವುದರದೋ 'ಪೂರ್ವ' ಎಂದು ಕರೆಸಿಕೊಳ್ಳುವಷ್ಟು ಸಣ್ಣದಲ್ಲ ಅದು, ನನ್ನ ಮಟ್ಟಿಗೆ.

ಈ ಹುಚ್ಚು ಅಪ್ಪನಿಂದ ಬಂದದ್ದು. ಅಪ್ಪ ಕಾಲುವೆ ಕೆಲಸದಲ್ಲಿದ್ದರು. ದಿನವೂ ಗೇಜು ನೋಡಿ ನೀರಿನ ಲೆಕ್ಕ ಬರೆಯುವುದು ಅವರ ನೌಕರಿ. ಮನೆಗೆ ಬಂದ ಮೇಲೂ ಕೈ ಸುಮ್ಮನಿರುತ್ತಿರಲಿಲ್ಲವೇನೋ. ಖಾಲಿಯಾದ ಹಾರ್ಲಿಕ್ಸ್ ಬಾಟಲಿಯ ಬಾಯಿಗೆ ಸೀಮೆಎಣ್ಣೆ ಹಾಕುವ ತಗಡಿನ ಲಾಳಿಕೆಯಿಟ್ಟು, ಅದನ್ನು ಅಂಗಳದ ತುಳಸಿಕಟ್ಟೆಯ ಪಕ್ಕ ಇಟ್ಟಿಗೆಗಳ ನಡುವೆ ನಿಲ್ಲಿಸಿದ್ದರು. ಮಳೆ ನಿಂತ ಮೇಲೆ ನನ್ನ ಶಾಲೆಯ ಸ್ಕೇಲು ಇಟ್ಟು ಎಷ್ಟು ಇಂಚು ಎಂದು ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಅವ್ವನಿಗೆ ಲಾಳಿಕೆ ಹೋದ ಸಿಟ್ಟು. "ಮಳಿ ಅಳದು ಏನು ಮಾಡ್ತೀರಿ, ಮಾರ್ತೀರೇನು?" ಎನ್ನುತ್ತಿದ್ದಳು.

ಮೋಡ ಕಟ್ಟಿದ ಸಂಜೆ ಅಕ್ಕನೂ ನಾನೂ ಅಂಗಳದಲ್ಲಿ ಅಪ್ಪನ ಎರಡೂ ಪಕ್ಕ ನಿಲ್ಲುತ್ತಿದ್ದೆವು. ಮಿಂಚು ಹೊಡೆದ ಕೂಡಲೇ ಎಣಿಸಬೇಕು, ಗುಡುಗು ಕೇಳಿದ ಕೂಡಲೇ ನಿಲ್ಲಿಸಬೇಕು. ಮೂರು ಎಣಿಸಿದರೆ ಒಂದು ಕಿಲೋಮೀಟರ್ ದೂರ, ಆರಾದರೆ ಎರಡು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ ಎಂಬ ಪಾಠ ನಾನು ಕಲಿತದ್ದು ಶಾಲೆಯಲ್ಲಲ್ಲ. ಎಣಿಕೆ ಮೂರಕ್ಕಿಳಿದರೆ ಅಪ್ಪ ಇಬ್ಬರ ರಟ್ಟೆ ಹಿಡಿದು ಒಳಗೆ ಎಳೆದುಕೊಳ್ಳುತ್ತಿದ್ದರು. ಒಳಗೆ ಅಜ್ಜಿ ಅರ್ಜುನನ ಹತ್ತು ಹೆಸರು ಹೇಳುತ್ತ ಕೂತಿರುತ್ತಿದ್ದಳು. ಆಲಿಕಲ್ಲು ಬಿದ್ದರೆ ಒನಕೆಯನ್ನು ಅಂಗಳಕ್ಕೆ ಎಸೆಯುವುದೂ ಅವಳದೇ ಕೆಲಸ. ಆ ಒನಕೆ ತರುವ ನೆಪದಲ್ಲಿ ನಾವಿಬ್ಬರೂ ಹೊರಗೆ ಓಡಿ ಲಂಗದ ತುಂಬ ಆಲಿಕಲ್ಲು ಆರಿಸಿಕೊಂಡು ಬರುತ್ತಿದ್ದೆವು. ಅಕ್ಕ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು, ಅವಳ ಲಂಗವೂ ದೊಡ್ಡದು.

1982ರ ಮೇ ತಿಂಗಳ ಒಂದು ಪುಟ ಇನ್ನೂ ನನ್ನ ಹತ್ತಿರ ಇದೆ. "ಸಂಜೆ 4-50ಕ್ಕೆ ಶುರು. ಗಾಳಿ ಜೋರು. ತೆಂಗಿನ ಮರಕ್ಕೆ ಸಿಡಿಲು. ಏಳು ಇಂಚು" ಎಂದು ಅಪ್ಪನ ದುಂಡನೆಯ ಅಕ್ಷರ. ಆ ಸುಟ್ಟ ತೆಂಗಿನ ಮರ ಎಷ್ಟೋ ವರ್ಷ ಓಣಿಯ ಮೂಲೆಯಲ್ಲಿ ಬೋಳುಗಂಬದಂತೆ ನಿಂತಿತ್ತು. "ಆ ಕಾಲದ ಮಳೆ ಈಗೆಲ್ಲಿ?" ಎಂದು ಯಾರಾದರೂ ಅಂದರೆ ನಾನು ಹೆಮ್ಮೆಯಿಂದ ಈ ಪುಟ ತೋರಿಸುತ್ತಿದ್ದೆ. ಏಳು ಇಂಚು, ಒಂದೇ ಸಂಜೆ!

ನೌಕರಿಗೆ ಸೇರಿ ಐದಾರು ವರ್ಷವಾದ ಮೇಲೆ ಒಂದು ದಿನ ಸ್ಟಾಫ್‌ರೂಮಿನಲ್ಲಿ ಈ ಕಥೆ ಹೇಳಿದೆ. ನಾನು ಬಿ.ಎ. ಬಿ.ಎಡ್., ಕನ್ನಡ ಮತ್ತು ಸಮಾಜ ಪಾಠ ಮಾಡುವವಳು. ನಮ್ಮ ವಿಜ್ಞಾನದ ಮೇಷ್ಟ್ರು ಕೇಳಿಸಿಕೊಂಡು, "ಲಾಳಿಕೆ ಬಾಯಿ ಎಷ್ಟಗಲ ಇತ್ತು ಮೇಡಂ?" ಎಂದರು. ಲಾಳಿಕೆ ಇನ್ನೂ ಮನೆಯಲ್ಲಿತ್ತು. ಆರು ಇಂಚು. ಬಾಟಲಿ? ಮೂರು ಇಂಚು. ಮೇಷ್ಟ್ರು ಕರಿಹಲಗೆಯ ಮೇಲೆ ಎರಡು ವೃತ್ತ ಬರೆದು ತೋರಿಸಿದರು. ಅಗಲ ಎರಡು ಪಟ್ಟಾದರೆ ಬಾಯಿಯ ವಿಸ್ತೀರ್ಣ ನಾಲ್ಕು ಪಟ್ಟು. ದೊಡ್ಡ ಬಾಯಲ್ಲಿ ಹಿಡಿದ ನೀರನ್ನು ಸಣ್ಣ ಬಾಟಲಿಯಲ್ಲಿ ಅಳೆದರೆ ಒಂದು ಇಂಚಿನ ಮಳೆ ನಾಲ್ಕು ಇಂಚು ಕಾಣುತ್ತದೆ. ಅಂದರೆ ಅಪ್ಪ ಇಪ್ಪತ್ತು ವರ್ಷ ಬರೆದ ಮಳೆಯೆಲ್ಲ ನಾಲ್ಕು ಪಟ್ಟು! ಏಳು ಇಂಚಿನ ಆ ಪ್ರಳಯ ಎರಡು ಇಂಚಿಗೂ ಕಡಿಮೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಪ್ಪನಿಗೆ ಹೇಳಲಿಲ್ಲ. ಆಗ ಅವರಿಗೆ ಕಣ್ಣು ಮಂಜಾಗಿತ್ತು, ಹೇಳಿ ಏನಾಗಬೇಕಿತ್ತು? ಅಕ್ಕನಿಗೆ ಮಾತ್ರ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು. "ಅದಕ್ಕ ನೋಡು, ಸಣ್ಣವರಿದ್ದಾಗಿನ ಮಳಿ ಎಲ್ಲಾರಿಗೂ ದೊಡ್ಡದು ಕಾಣ್ತೈತಿ. ಎಲ್ಲಾರ ಮನ್ಯಾಗೂ ಒಂದು ಲಾಳಿಕಿ ಇರ್ತೈತಿ" ಅಂದಳು.

ನನ್ನ ಮಾಪಕಕ್ಕೆ ಲಾಳಿಕೆ ಇಲ್ಲ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಕತ್ತು ಕತ್ತರಿಸಿ, ಅದನ್ನೇ ತಲೆಕೆಳಗು ಮಾಡಿ ಬಾಯಿಗಿಟ್ಟದ್ದು. ಹಿಡಿಯುವ ಬಾಯಿಯೂ ಅಳೆಯುವ ಹೊಟ್ಟೆಯೂ ಒಂದೇ ಅಗಲ. ತಳದ ಉಬ್ಬುತಗ್ಗಿನ ತನಕ ಮೊದಲೇ ನೀರು ತುಂಬಿ ಅಲ್ಲಿಗೊಂದು ಗೆರೆ, ಆ ಗೆರೆಯೇ ಸೊನ್ನೆ. ಸರ್ಕಾರಿ ಮಾಪಕಗಳನ್ನು ನೋಡುವ ವೇಳೆಯಾದ ಬೆಳಿಗ್ಗೆ ಎಂಟೂವರೆಗೇ ನಾನೂ ನೋಡುತ್ತೇನೆ. ಒಂದು ಮಿಲಿಮೀಟರ್ ಎಂದರೆ ಚದರ ಮೀಟರಿಗೆ ಒಂದು ಲೀಟರ್. ಮೂವತ್ತು-ನಲವತ್ತರ ಸೈಟಿನ ಮನೆಯ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ನೂರಹತ್ತು ಲೀಟರ್, ಎಂಟು ಕೊಡದ ಹತ್ತಿರ. ಹೀಗೆ ಕೊಡದ ಲೆಕ್ಕ ಹೇಳಿದರೆ ನಮ್ಮ ತರಗತಿಯ ಹುಡುಗಿಯರಿಗೆ ತಕ್ಷಣ ತಿಳಿಯುತ್ತದೆ. ಹುಡುಗರು ಸ್ವಲ್ಪ ಯೋಚಿಸಬೇಕಾಗುತ್ತದೆ. ನೀರು ಹೊರುವವರು ಯಾರೆಂದು ಅಲ್ಲೇ ಗೊತ್ತಾಗುತ್ತದಲ್ಲ.

ಈ ಹುಚ್ಚಿನಲ್ಲಿ ನಾನು ಒಂಟಿಯಲ್ಲ. ಸಂಡೂರಿನಲ್ಲಿ ನನ್ನ ಬಿ.ಎಡ್. ಗೆಳತಿ ಇದ್ದಾಳೆ, ಅವಳೂ ಟೀಚರು. ಕಮಲಾಪುರದಲ್ಲಿ ಚಿಕ್ಕಪ್ಪ. ಹಂಪಿಯ ತೋಟಗಳಲ್ಲಿ ಗಿಡಕ್ಕೆ ನೀರುಣಿಸಿ ನಿವೃತ್ತರಾದವರು, ಈಗಲೂ ದಿನಕ್ಕೊಂದು ಸಲ ಸೈಕಲ್ಲು ತುಳಿದು ವಿರೂಪಾಕ್ಷನ ಗುಡಿಗೆ ಹೋಗದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಕಂಪ್ಲಿಯಲ್ಲಿ ಅಕ್ಕ. ನಕ್ಷೆ ಬಿಡಿಸಿ ನೋಡಿದರೆ ದಕ್ಷಿಣಕ್ಕೆ ಸಂಡೂರು, ನಡುವೆ ಹೊಸಪೇಟೆ, ಅಲ್ಲಿಂದ ಈಶಾನ್ಯಕ್ಕೆ ಹಂಪಿ, ಅದನ್ನೂ ದಾಟಿ ಹೊಳೆದಂಡೆಗೆ ಕಂಪ್ಲಿ. ಸಂಡೂರು ನಮಗೆ ಮೂವತ್ತು ಕಿಲೋಮೀಟರ್ ಹತ್ತಿರ ಹತ್ತಿರ, ಕಂಪ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಬೇಸಿಗೆಯ ಮಧ್ಯಾಹ್ನ ಸಂಡೂರಿನ ಗುಡ್ಡಸಾಲಿನ ಮೇಲೆ ಹೂಕೋಸಿನಂತೆ ಮೋಡ ಏಳುತ್ತದೆ. ಬಿಸಿಗಾಳಿ ಮೇಲೇರಿ, ಎತ್ತರದ ತಂಪಿನಲ್ಲಿ ಅದರೊಳಗಿನ ತೇವವೆಲ್ಲ ಮೋಡವಾಗಿ, ಹತ್ತು ಹನ್ನೆರಡು ಕಿಲೋಮೀಟರ್ ಎತ್ತರಕ್ಕೆ ಬೆಳೆದು, ತಲೆ ಚಪ್ಪಟೆಯಾಗಿ ಕಮ್ಮಾರನ ಅಡಿಗಲ್ಲಿನಂತೆ ಕಾಣತೊಡಗಿದಾಗ ಗೆಳತಿ ಫೋನು ಮಾಡುತ್ತಾಳೆ: "ಬಿಟ್ಟೇನಿ ನೋಡ್ರೀ, ನಿಮ್ಮ ಕಡಿಗೆ!" ಮೋಡವನ್ನು ತಾನೇ ಕೈ ಹಿಡಿದು ಬಸ್ಸು ಹತ್ತಿಸಿ ಕಳಿಸಿದ ಹಾಗೆ.

ಹತ್ತಿಸಿದ ಬಸ್ಸೆಲ್ಲ ಬರುವುದಿಲ್ಲ. ಒಂದು ಗುಡುಗು ಮೋಡದ ಆಯುಷ್ಯ ಅರ್ಧ ಗಂಟೆಯಿಂದ ಒಂದು ಗಂಟೆ. ಮಳೆ ಸುರಿಸುತ್ತಿದ್ದಂತೆ ಅದರೊಳಗಿಂದ ತಣ್ಣನೆಯ ಗಾಳಿ ಕೆಳಗೆ ಬಿದ್ದು ನೆಲದ ಮೇಲೆ ಹರಡುತ್ತದೆ. ಮಳೆಗೆ ಮೊದಲು ಧೂಳೆಬ್ಬಿಸಿ, ಬಾಗಿಲು ಬಡಿದು, ಹಗ್ಗದ ಮೇಲಿನ ಸೀರೆಯನ್ನು ಪಕ್ಕದ ಬೇವಿನ ಮರಕ್ಕೆ ಸುತ್ತುವುದು ಇದೇ ಗಾಳಿ. ಮೋಡ ತನ್ನ ಗಾಳಿಯಿಂದ ತಾನೇ ತಂಪಾಗಿ ಸಾಯುತ್ತದೆ. ಆದರೆ ಆ ಗಾಳಿ ಮುಂದೆ ನುಗ್ಗಿ ಅಲ್ಲಿನ ಬಿಸಿಗಾಳಿಯನ್ನು ಮೇಲಕ್ಕೆತ್ತಿದರೆ ಹೊಸದೊಂದು ಮೋಡ ಹುಟ್ಟುತ್ತದೆ. ನಮಗೆ ಬರುವುದು ಹೆಚ್ಚಾಗಿ ಸಂಡೂರಿನ ಮೋಡವಲ್ಲ, ಅದರ ಮಗಳು. ಕಂಪ್ಲಿಗೆ ಹೋಗುವುದು ಮೊಮ್ಮಗಳು. ಕೆಲವು ಸಲ ವಂಶ ನಡುವೆಯೇ ನಿಂತುಹೋಗುತ್ತದೆ. ಆಗ ನಾನು ಮಾಳಿಗೆಯ ಮೇಲೆ ಬೆಪ್ಪಾಗಿ ನಿಂತಿರುತ್ತೇನೆ, ದೂರದಲ್ಲಿ ಸುಮ್ಮನೆ ಮಿಂಚುತ್ತಿರುತ್ತದೆ.

ಸಂಡೂರಿನವಳ ವರದಿಯಲ್ಲಿ ಬಣ್ಣವೂ ಇರುತ್ತದೆ. ಗಣಿಗಾರಿಕೆಯ ಭರಾಟೆಯ ವರ್ಷಗಳಲ್ಲಿ, ಅಂದರೆ 2011ರಲ್ಲಿ ಸುಪ್ರೀಂ ಕೋರ್ಟು ತಡೆ ಹಾಕುವ ಮುಂಚೆ, ಅದಿರು ಲಾರಿಗಳ ಧೂಳು ಮರದೆಲೆಗಳನ್ನೆಲ್ಲ ಕೆಂಪು ಮಾಡಿತ್ತು. ಮೊದಲ ಅಡ್ಡಮಳೆ ಬಿದ್ದ ದಿನ "ಇವತ್ತು ಗಿಡ ಹಸಿರು ಅದಾವ ಅಂತ ಗೊತ್ತಾತು" ಎಂದು ಅವಳು ಹೇಳಿದ್ದು ನೆನಪಿದೆ. ಅವಳ ಅಂಗಳದಲ್ಲಿ ಹರಿದ ನೀರು ಕುಂಕುಮ ಕದಡಿದಂತಿತ್ತಂತೆ.

ಚಿಕ್ಕಪ್ಪನದು ಬೇರೆ ಧಾಟಿ. ಚೈತ್ರದ ಹುಣ್ಣಿಮೆಯ ಹಂಪಿ ತೇರಿಗೆ ನಾಲ್ಕು ಹನಿಯಾದರೂ ಬೀಳಲೇಬೇಕು ಎಂಬುದು ಅವರ ನಂಬಿಕೆ. ಬೀಳದ ವರ್ಷ ತೇರು ಸರಿಯಾಗಿ ಎಳೆದಿಲ್ಲ ಎನ್ನುತ್ತಾರೆ. ದಿನವಿಡೀ ಕಾದ ಹಂಪಿಯ ಬಂಡೆಗಳ ಮೇಲೆ ಮೊದಲ ಹನಿ ಬಿದ್ದಾಗ ಕಾದ ಹಂಚಿಗೆ ನೀರು ಚಿಮುಕಿಸಿದಂತೆ ಚುಯ್ ಎನ್ನುವುದನ್ನು ಕೇಳಬೇಕೆಂದರೆ ಮಾತಂಗ ಪರ್ವತದ ಬುಡದಲ್ಲಿರಬೇಕು ಎಂದು ಅವರ ಶಿಫಾರಸು. ಮೇಲೆ ಮಾತ್ರ ಹೋಗಬಾರದು, ಅಲ್ಲಿ ಸಿಡಿಲಿಗೆ ನಾವೇ ಎತ್ತರ. ಇನ್ನೂರೈವತ್ತು ಕೋಟಿ ವರ್ಷದ ಬಂಡೆಗಳವು, ಬಿಸಿಲಿಗೆ ಹಿಗ್ಗಿ ತಂಪಿಗೆ ಕುಗ್ಗಿ ಈರುಳ್ಳಿ ಸಿಪ್ಪೆಯಂತೆ ಪದರ ಬಿಡುತ್ತವೆ. ಅವು ತಾಳಿಕೊಂಡಾವು, ಮನುಷ್ಯ ಕಟ್ಟಿದ್ದು ತಾಳುವುದಿಲ್ಲ. 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷ ಬಜಾರಿನ ಸಾಲುಮಂಟಪದ ಒಂದು ಭಾಗ ಕುಸಿದು ಬಿದ್ದಾಗ ಚಿಕ್ಕಪ್ಪ ಫೋನಿನಲ್ಲಿ ಮಳೆ ಎಷ್ಟೆಂದು ಹೇಳಲೇ ಇಲ್ಲ. "ಕಂಬ ಮಲಗ್ಯಾವವ್ವ" ಎಂದಷ್ಟೇ ಹೇಳಿ ಇಟ್ಟರು.

ಮಣ್ಣಿನ ವಾಸನೆಯ ಮಾತು ಬಿಟ್ಟೆನಲ್ಲ. ಒಣನೆಲಕ್ಕೆ ಮೊದಲ ಮಳೆ ಬಿದ್ದಾಗ ಏಳುವ ಆ ವಾಸನೆಗೆ 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಪೆಟ್ರಿಕೋರ್ ಎಂದು ಹೆಸರಿಟ್ಟರಂತೆ. ಮಣ್ಣಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ಮಾಡಿಟ್ಟ ಜಿಯೋಸ್ಮಿನ್ ಎಂಬ ವಸ್ತುವೂ ಅದರಲ್ಲಿ ಸೇರಿರುತ್ತದೆ. ಉತ್ತರ ಪ್ರದೇಶದ ಕನೌಜಿನಲ್ಲಿ ಸುಟ್ಟ ಮಣ್ಣಿನಿಂದ ಅದೇ ವಾಸನೆಯ ಅತ್ತರು ಇಳಿಸಿ ಸೀಸೆಯಲ್ಲಿ ಮಾರುತ್ತಾರೆ. ನನ್ನ ಮಗಳು ಒಂದು ಸಣ್ಣ ಸೀಸೆ ತರಿಸಿಕೊಟ್ಟಿದ್ದಾಳೆ. ಚೆನ್ನಾಗಿದೆ. ಆದರೆ ಅದನ್ನು ಮೂಸಿದರೆ ಸಂಡಿಗೆ ಎತ್ತಲು ಓಡಬೇಕೆನಿಸುವುದಿಲ್ಲ.

ಇಷ್ಟು ಹೇಳಿದ ಮೇಲೆ ಹೇಳಲೇಬೇಕಾದದ್ದು ಒಂದಿದೆ. ಕೆಲವು ವರ್ಷಗಳ ಹಿಂದೆ ಎಂಟನೇ ತರಗತಿಗೆ 'ಗುಡುಗು ಮಳೆಯ ಒಂದು ಸಂಜೆ' ಎಂದು ಪ್ರಬಂಧ ಬರೆಯಲು ಕೊಟ್ಟೆ. ನನಗೆ ಇಷ್ಟವಾದ ವಿಷಯ, ಮಕ್ಕಳಿಗೂ ಇಷ್ಟವಾಗುತ್ತದೆ ಎಂದುಕೊಂಡಿದ್ದೆ. ಕೊನೆಯ ಬೆಂಚಿನ ಒಬ್ಬ ಹುಡುಗಿ ಖಾಲಿ ಹಾಳೆ ಕೊಟ್ಟಳು. ಗದರಿದೆ. ಪಕ್ಕದವಳು ಮೆಲ್ಲಗೆ, "ಮಿಸ್, ಅವರಪ್ಪ ಕುರಿ ಕಾಯಾಕ ಹೋಗಿದ್ದರು, ಹುಣಸಿಮರದ ಕೆಳಗ ನಿಂತಿದ್ದರು" ಎಂದಳು. ಮುಂದೆ ಕೇಳಬೇಕಾಗಿರಲಿಲ್ಲ. ಆ ವರ್ಷದಿಂದ ಪ್ರಬಂಧ ಕೊಡುವುದನ್ನು ಬಿಟ್ಟು ಬೇಸಿಗೆ ರಜೆಗೆ ಮುಂಚಿನ ಒಂದು ಪೀರಿಯಡ್ಡು ಬೇರೆಯದೇ ಪಾಠ ಮಾಡುತ್ತೇನೆ: ಗುಡುಗು ಕೇಳಿತೆಂದರೆ ಸಿಡಿಲು ತಲುಪುವಷ್ಟು ಹತ್ತಿರ ಇದ್ದೇವೆಂದೇ ಅರ್ಥ, ಒಂಟಿ ಮರದ ಕೆಳಗೆ ನಿಲ್ಲಬೇಡಿ, ಗಟ್ಟಿ ಮನೆಯೊಳಗೆ ಹೋಗಿ, ಕೊನೆಯ ಗುಡುಗಾಗಿ ಅರ್ಧ ಗಂಟೆ ಹೊರಗೆ ಬರಬೇಡಿ. ಈಗ ಪುಣೆಯ ಹವಾಮಾನ ಸಂಸ್ಥೆಯ 'ದಾಮಿನಿ', ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಎಂಬ ಆ್ಯಪ್‌ಗಳು ಬಂದಿವೆ. ಅವನ್ನು ಅಪ್ಪ ಅಣ್ಣಂದಿರ ಮೊಬೈಲಿಗೆ ಹಾಕಿಕೊಡಿ ಎಂದು ಮಕ್ಕಳಿಗೆ ಹೇಳುತ್ತೇನೆ.

ಇನ್ನು ಕಂಪ್ಲಿಯ ಮಾತು. ಅದಕ್ಕೇ ಇಷ್ಟು ಸುತ್ತಿ ಬಂದದ್ದು.

ಅಕ್ಕನ ಮನೆಯವರು ಕಾಲುವೆ ನೀರಿನ ಮೇಲೆ ಭತ್ತ ಬೆಳೆಯುವವರು. ಡ್ಯಾಮಿನಲ್ಲಿ ನೀರುಳಿದ ವರ್ಷ ಎರಡನೇ ಬೆಳೆ. ಆ ಬೆಳೆ ಕೊಯ್ಲಿಗೆ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ, ಅಂದರೆ ಸರಿಯಾಗಿ ನನ್ನ ಮಳೆಯ ಹೊತ್ತಿಗೆ. ನಿಂತ ಭತ್ತವಾದರೆ ಗಾಳಿಗೆ ಚಾಪೆಯಂತೆ ಮಲಗುತ್ತದೆ. ಕೊಯ್ದದ್ದಾದರೆ ಕಣದಲ್ಲೋ ರಸ್ತೆಯ ಮಗ್ಗುಲಲ್ಲೋ ಒಣಹಾಕಿದ ರಾಶಿ ನೆನೆಯುತ್ತದೆ. ನೆನೆದ ಭತ್ತ ಒಂದೆರಡು ದಿನದಲ್ಲಿ ಕಾವೇರಿ ಮೊಳಕೆ ಒಡೆಯುತ್ತದೆ, ಅಕ್ಕಿ ಬಣ್ಣ ತಿರುಗುತ್ತದೆ, ವ್ಯಾಪಾರಿ ಮುಷ್ಟಿಯಲ್ಲಿ ಹಿಡಿದು ನೋಡಿ ತುಟಿ ಓರೆ ಮಾಡುತ್ತಾನೆ. ಬಾಳೆಯಾದರಂತೂ ಒಂದೇ ಗಾಳಿಗೆ ಇಡೀ ತೋಟ ನೆಲಕ್ಕೆ. "ಅಶ್ವಿನಿ ಸಸ್ಯನಾಶಿನಿ" ಎಂಬ ಗಾದೆಯನ್ನು ನಾನು ಪರೀಕ್ಷೆಯಲ್ಲಿ ಬಿಟ್ಟಸ್ಥಳ ತುಂಬಲು ಕೊಡುತ್ತಿದ್ದೆ. ಅಕ್ಕ ಅದರೊಳಗೇ ಸಂಸಾರ ಮಾಡುತ್ತಿದ್ದಳು.

ಹಾಗಾಗಿ ನಮ್ಮ ಫೋನಿನ ಸಾಲಿನಲ್ಲಿ ಅವಳೊಬ್ಬಳು ಮಳೆ ಬೇಡದವಳು. ಸಂಡೂರು ಬಿಟ್ಟದ್ದನ್ನು ನಾನು ಕೂಡಲೇ ಕಂಪ್ಲಿಗೆ ತಿಳಿಸಬೇಕು, ಅವರು ತಾಡಪಾಲು ಹೊಚ್ಚಬೇಕು. ಒಂದೂವರೆ ಎರಡು ಗಂಟೆ ಸಿಕ್ಕರೆ ರಾಶಿ ಎತ್ತರಿಸಿ ಮುಚ್ಚಲು ಸಾಕು. ಹತ್ತು ಸಲ ಹೇಳಿದರೆ ನಾಲ್ಕು ಸಲ ನಿಜವಾಗುತ್ತಿತ್ತು. ಅವಳ ಹೊಲದ ಆಳುಗಳು ನನಗೆ ಇಟ್ಟ ಹೆಸರು 'ಹೊಸಪೇಟೆ ಆಕಾಶವಾಣಿ'. ನಮ್ಮೂರಿನಲ್ಲಿ ನಿಜವಾದ ಆಕಾಶವಾಣಿ ನಿಲಯವೇ ಇರುವುದರಿಂದ ಆ ಹೆಸರಿಗೆ ಇನ್ನಷ್ಟು ಕಳೆ.

2014ರ ಮೇ ತಿಂಗಳ ಮೊದಲ ವಾರ. ನಲವತ್ತು ದಿನದಿಂದ ಒಂದು ಹನಿ ಇರಲಿಲ್ಲ. ರಾತ್ರಿ ಗೋಡೆ ಮುಟ್ಟಿದರೂ ಬಿಸಿ. ನಾಲ್ಕು ಗಂಟೆಗೆ ಸಂಡೂರಿನ ಫೋನು: "ಆಲಿಕಲ್ಲು ಬೀಳಾಕತ್ತಾವ್ರೀ! ನಿಂಬಿಹಣ್ಣಿನಷ್ಟು!" ನಾನು ಮೊಬೈಲನ್ನು ಅಕ್ಕಿ ಡಬ್ಬದ ಮೇಲಿಟ್ಟು ಮಾಳಿಗೆಗೆ ಓಡಿದೆ. ದಕ್ಷಿಣದ ಆಕಾಶ ನೇರಳೆಹಣ್ಣಿನ ಬಣ್ಣ. ಬಟ್ಟೆ ತೆಗೆದೆ, ಮೆಣಸಿನಕಾಯಿ ಎತ್ತಿದೆ, ಮಾಪಕದ ಹಳೇ ನೀರು ಚೆಲ್ಲಿ ಸರಿಮಾಡಿದೆ. ಗಾಳಿ ಬಂತು, ಧೂಳು ಬಂತು, ಆಮೇಲೆ ಅದು ಬಂತು. ಮಗ, ಮಗಳು, ನಾನು ಮೂವರೂ ಮೆಟ್ಟಿಲ ಮಾಡಿನ ಕೆಳಗೆ ನಿಂತು ಡಬರಿ ಹೊರಗೆ ಚಾಚಿ ಆಲಿಕಲ್ಲು ಹಿಡಿದೆವು. ನಮ್ಮ ಮನೆಯವರು ಕೂಡ, ಅಂಥ ಗಂಭೀರ ಮನುಷ್ಯರು, ಒಂದು ಕಲ್ಲು ಬಾಯಿಗೆ ಹಾಕಿಕೊಂಡರು. ಒದ್ದೆ ಬಟ್ಟೆ ಬದಲಿಸಿ, ಬಿಸಿಬಿಸಿ ಮಂಡಕ್ಕಿ ಒಗ್ಗರಣೆ ಹಾಕಿ, ಚಹಾ ಕುಡಿದು, ಅಂದು ಬೆಳಗಿನ ತನಕ ಕಾಯಲಾರದೆ ಟಾರ್ಚು ಹಿಡಿದು ಮಾಪಕ ನೋಡಿದೆ. 31 ಮಿಲಿಮೀಟರ್! ನನ್ನ ಲೆಕ್ಕದಲ್ಲಿ ಅದುವರೆಗಿನ ಬೇಸಿಗೆಯ ದೊಡ್ಡ ಮಳೆ. ಈ ಸಂಭ್ರಮ ಹೇಳಿಕೊಳ್ಳಲೆಂದೇ, ನೋಡಿ, ಹೇಳಿಕೊಳ್ಳಲೆಂದೇ ಮೊಬೈಲು ಎತ್ತಿಕೊಂಡೆ. ಏಳೂವರೆಯಾಗಿತ್ತು. ಚಿಕ್ಕಪ್ಪನ ಎರಡು ಕರೆ ಹಾಗೇ ಉಳಿದಿದ್ದವು. ಕಂಪ್ಲಿಗೆ ಹಚ್ಚಿದೆ. "ಅಕ್ಕಾ, ಬಂತು ನೋಡವ್ವ!" ಎಂದೆ.

ಆ ಕಡೆ ಸ್ವಲ್ಪ ಹೊತ್ತು ಬರೀ ಮಳೆಯ ಸಪ್ಪಳ.

"ಇಲ್ಲೂ ಬಂದೈತಿ" ಎಂದಳು. "ಆಮ್ಯಾಲೆ ಮಾತಾಡ್ತೀನಿ, ಇಡು."

ನಾಲ್ಕೆಕರೆಯ ಭತ್ತ, ನೂರೈವತ್ತು ಚೀಲದ ಹತ್ತಿರ. ಹಿಂದಿನ ದಿನ ಯಂತ್ರ ತರಿಸಿ ಕೊಯ್ಸಿ ಒಣಹಾಕಿದ್ದರು. ಭಾವ ಗಂಗಾವತಿಗೆ ಹೋಗಿದ್ದರು, ಆಳುಗಳು ಮನೆಗೆ ಹೋಗಿದ್ದರು, ಅಕ್ಕ ಮತ್ತು ಅವಳ ಸೊಸೆ ಇಬ್ಬರೇ ಗಾಳಿಯಲ್ಲಿ ತಾಡಪಾಲು ಹಿಡಿದುಕೊಂಡು ಒದ್ದಾಡಿದ್ದರು. ಆರು ಗಂಟೆಯ ತನಕ ಅಲ್ಲಿ ಮೋಡವೂ ಇರಲಿಲ್ಲವಂತೆ. ನನ್ನ ಫೋನು ಬಂದಿಲ್ಲವೆಂದರೆ ಮಳೆಯಿಲ್ಲ ಎಂದೇ ಅವಳು ತಿಳಿದಿದ್ದಳು. ನನ್ನನ್ನು ನೆಚ್ಚಿಕೊಳ್ಳದೆ ಇದ್ದಿದ್ದರೆ ಅವಳೇ ಆಗಾಗ ಆಕಾಶ ನೋಡುತ್ತಿದ್ದಳು, ಅಲ್ಲವೆ? ಇದು ನನ್ನನ್ನು ಎಷ್ಟೋ ರಾತ್ರಿ ಕೊರೆದಿದೆ.

ಅಕ್ಕ ಬೈಯಲಿಲ್ಲ. ಮರುದಿನ ನಾನೇ ಹೋಗಿ ಅತ್ತೆ. "ಮಳಿ ನೀ ತಂದೀಯೇನು?" ಎಂದು ಅವಳೇ ಸಮಾಧಾನ ಮಾಡಿದಳು. ಹಸಿ ಭತ್ತವನ್ನು ಮನೆಯ ಪಡಸಾಲೆ, ಅಡುಗೆಮನೆ, ದೇವರ ಕೋಣೆಯ ಹೊಸ್ತಿಲ ತನಕ ಹರಡಿ ಫ್ಯಾನು ಹಾಕಿದ್ದರು. ಕರೆಂಟು ಬೇರೆ ಹೋಗಿ ಬಂದು ಮಾಡುತ್ತಿತ್ತು. ನಾನೂ ಸೊಂಟ ಕಟ್ಟಿ ಸಂಜೆಯ ತನಕ ಕಾಲಿನಿಂದ ಭತ್ತ ಕೆದರಿದೆ. ಬೆಚ್ಚಗೆ, ಹುಳಿ ಹುಳಿ ವಾಸನೆ. ಹಿಂದಿನ ಸಂಜೆ ನಾನು ಎದೆ ತುಂಬ ಎಳೆದುಕೊಂಡ ಅದೇ ಮಳೆಯ ಇನ್ನೊಂದು ವಾಸನೆ ಅದು.

ಆ ಶ್ರಾವಣದಲ್ಲಿ ನೆಂಟರ ಮದುವೆಗೆ ಅಕ್ಕ ಬಂದಳು. ನನಗೆ ಕುಂಕುಮ ಕೊಡಲು ಕೈ ಚಾಚಿದಾಗ ನೋಡಿದೆ. ಬರೀ ಹಸಿರು ಗಾಜಿನ ಬಳೆ. ಅವ್ವ ತನ್ನ ಕೈಯಿಂದ ತೆಗೆದು ಹಾಕಿದ್ದ ಪಾಟ್ಲಿ ಇರಲಿಲ್ಲ. ನಾನು ನೋಡಿದ್ದನ್ನು ಅವಳು ನೋಡಿದಳು. ಸೆರಗು ಎಳೆದುಕೊಂಡಳು. ಇಬ್ಬರೂ ಊಟದ ಪಂಕ್ತಿಯ ಕಡೆ ಹೋದೆವು.

ಆಮೇಲೆ ನನ್ನ ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಹೆಚ್ಚು ಎಳೆದೆ. ದಿನಾಂಕ, ಶುರುವಾದ ವೇಳೆ, ನಿಂತ ವೇಳೆ, ಗಾಳಿ, ಮಿಲಿಮೀಟರ್, ಇವುಗಳಿಗೆಲ್ಲ ಮೊದಲು ಒಂದು ಕಾಲಂ: 'ಅಕ್ಕನಿಗೆ ಹೇಳಿದ ವೇಳೆ'. ಅದು ತುಂಬದೆ ನಾನು ಮೆಟ್ಟಿಲು ಹತ್ತುವುದಿಲ್ಲ. ಸುಳ್ಳಾದ ದಿನವೂ ಬರೆಯುತ್ತೇನೆ. ತಾಡಪಾಲು ಹೊಚ್ಚಿ, ಆಳುಗಳ ಹತ್ತಿರ ನಗಿಸಿಕೊಂಡು, ಮತ್ತೆ ತೆಗೆದ ದಿನಗಳೇ ಜಾಸ್ತಿ. "ಹತ್ತು ಸಲ ಸುಳ್ಳಾಗ್ಲಿ, ನೀ ಹೇಳೂದು ಬಿಡಬ್ಯಾಡ" ಎಂದಿದ್ದಾಳೆ. ಈಗ ಗ್ರಾಮ ಪಂಚಾಯಿತಿಗೊಂದರಂತೆ ತಾನೇ ಅಳೆದು ತಾನೇ ಸುದ್ದಿ ಕಳಿಸುವ ಮಳೆಮಾಪಕಗಳಿವೆ, ಅವಳ ಮಗನ ಮೊಬೈಲಿಗೆ ಮುನ್ಸೂಚನೆ ಬರುತ್ತದೆ. ಆದರೂ ಸಂಡೂರಿನ ಫೋನು ಬಂದರೆ ನಾನು ಹಚ್ಚುತ್ತೇನೆ, ಅವಳು ಎತ್ತುತ್ತಾಳೆ.

ಮಳೆ ಬರಲಿ ಎಂದು ಬಾಯಿಬಿಟ್ಟು ಹೇಳುವುದನ್ನು ಮಾತ್ರ ಬಿಟ್ಟಿದ್ದೇನೆ. ಮನಸ್ಸಿನಲ್ಲಿ ಬರುವುದನ್ನು ಏನು ಮಾಡಲಿ? ನನ್ನ ಹಂಬಲಕ್ಕೆ ಮೋಡ ಕಟ್ಟುವುದಿಲ್ಲ ಎಂದು ಪಾಠ ಹೇಳುವವಳೇ ನಾನು. ಆದರೂ ಮೊದಲ ಗುಡುಗು ಕೇಳಿದಾಗ ಸಂತೋಷದ ಹಿಂದೆಯೇ ಗಾಜಿನ ಬಳೆಯ ಸದ್ದು ಕೇಳುತ್ತದೆ. ಭಾವ ಮೂರನೇ ವರ್ಷಕ್ಕೆ ಪಾಟ್ಲಿ ಬಿಡಿಸಿಕೊಟ್ಟರೆಂಬುದನ್ನೂ ಹೇಳಬೇಕು, ಇಲ್ಲವಾದರೆ ಅಕ್ಕ ಇದನ್ನು ಓದಿ ಮುನಿಸಿಕೊಂಡಾಳು.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋಗಿ, ತುಂಬಿದ್ದ ನೀರು ದಿನಗಟ್ಟಲೆ ಹರಿದುಹೋದಾಗ ಅಕ್ಕ, "ನೋಡು, ಮಲೆನಾಡಿನೋರ ಮಳೀನೂ ನಮಗ ನಿಲ್ಲವಲ್ದು" ಎಂದು ಫೋನಿನಲ್ಲಿ ನಿಟ್ಟುಸಿರು ಬಿಟ್ಟಿದ್ದಳು. ಮರುವರ್ಷ, 2025ರ ಮೇ ತಿಂಗಳಿಡೀ ಮಳೆಯೋ ಮಳೆ. ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂದುಬಿಟ್ಟಿತು, ನನ್ನ ನೋಟ್‌ಬುಕ್ಕಿನಲ್ಲಿ ಅಡ್ಡಮಳೆ ಎಲ್ಲಿ ಮುಗಿದು ಮುಂಗಾರು ಎಲ್ಲಿ ಶುರುವಾಯಿತೆಂದು ಗೆರೆ ಎಳೆಯುವುದೇ ಕಷ್ಟವಾಯಿತು.

ಅದೇ ಮೇ ತಿಂಗಳ ಒಂದು ಸಂಜೆ ಸಂಡೂರಿನವಳು "ಬಿಟ್ಟೇನ್ರೀ" ಎಂದಳು. ಕಾಲಂ ತುಂಬಿಸಿ ಕಂಪ್ಲಿಗೆ ಹಚ್ಚಿದೆ. "ನಮ್ಮ ಭತ್ತ ಹೋದ ವಾರನ ಹೋತು, ಎಲ್ಲಾ ಮಾರಿ ಕೈ ತೊಳಕೊಂಡೀವಿ" ಎಂದು ಅಕ್ಕ ನಕ್ಕಳು. ಇಡುತ್ತೇನೆ ಎಂದೆ. "ಇಡಬ್ಯಾಡ" ಎಂದಳು. "ಅಲ್ಲಿ ಬಂದ್ರ ಒಂದೀಟು ಕಿಟಕಿ ಹತ್ರ ಹಿಡಿ. ಕೇಳ್ತೀನಿ." ಐವತ್ತೊಂಬತ್ತು ವರ್ಷದ ಅಕ್ಕ. ಅವಳಿಗೂ ಇದು ಬೇಕಾಗಿತ್ತು, ಇಷ್ಟು ವರ್ಷ ಕೇಳಿರಲಿಲ್ಲ, ಅಷ್ಟೇ. ಕಾದೆವು. ಅವಳು ಅಲ್ಲಿ ಮೊಮ್ಮಗನಿಗೆ ಊಟ ಮಾಡಿಸುವುದು ಕೇಳುತ್ತಿತ್ತು, ನಾನು ಇಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಗಾಳಿ ಬಂತು. ತಗಡಿನ ಮೇಲೆ ದಪ್ಪ ಹನಿಗಳು ಬಿದ್ದವು. ಮೊಬೈಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಮಿಂಚಿತು, ನಾನು ಎಣಿಸಿದೆ, ಆ ಕಡೆಯಿಂದ ಅವಳೂ ಎಣಿಸುತ್ತಿದ್ದಳು. ಏಳಕ್ಕೆ ಗುಡುಗಿತು.

ಕಂಪ್ಲಿಗೆ ಆವತ್ತು ಮಳೆ ಹೋಗಲಿಲ್ಲ. ಬೆಳಿಗ್ಗೆ ಎಂಟೂವರೆಗೆ ಮಾಪಕ ನೋಡಿ ಫೋನು ಮಾಡಿದೆ. "ಒಂಬತ್ತೂವರೆ ಮಿಲಿಮೀಟರ್" ಎಂದೆ.

"ಅಪ್ಪನ ಲೆಕ್ಕದಾಗ ಹೇಳು."

"ಒಂದೂವರೆ ಇಂಚು" ಎಂದೆ.